ಆರ್ಡರಿನಲ್ಲಿಲ್ಲದ ಎಡಗೈ

ಹೆಸರು ಕರೆದಾಗ ಆ ಹುಡುಗ ಏಳಲಿಲ್ಲ. ಇನ್ನೊಂದು ಸಲ ಕರೆದೆ. ಕಾಯುವ ಕೋಣೆಯಲ್ಲಿ ಇದ್ದವರು ಮೂವರೇ. ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡಿದ್ದ ಒಬ್ಬ ಮುದುಕಿ, ಒಂದೇ ಬಣ್ಣದ ಹೊಸ ಜಾಕೆಟ್ಟು ತೊಟ್ಟಿದ್ದ ಇಬ್ಬರು ಹುಡುಗರು. ಅವರಲ್ಲಿ ಎತ್ತರದವನು ಪಕ್ಕದವನ ಪಕ್ಕೆಗೆ ತಿವಿದ. ಆಗ ಅವನು ಗಡಬಡಿಸಿ ಎದ್ದು ನಿಂತು, ನನ್ನನ್ನು ನೋಡಿ ನಕ್ಕ. ಹೊಸದಾಗಿ ಕೊಟ್ಟ ಹೆಸರಿಗೆ ಅವನ ಕಿವಿ ಇನ್ನೂ ಒಗ್ಗಿಲ್ಲವೆಂದು ನನಗೆ ಆಗಲೇ ಅನ್ನಿಸಿತು.

ಎಂಬತ್ತರ ದಶಕದ ನಡುವಿನ ಮಾತು ಇದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಪ್ಯಾನಿಷ್ ಮಾತಾಡುವವರೇ ಹೆಚ್ಚಿದ್ದ ಒಂದು ಬಡಾವಣೆಯ ಎಕ್ಸ್‌ರೇ ಕ್ಲಿನಿಕ್ಕಿನಲ್ಲಿ ನಾನು ಟೆಕ್ನಿಷಿಯನ್ ಆಗಿದ್ದೆ. ಚಿತ್ರ ತೆಗೆಯುವುದು ನನ್ನ ಕೆಲಸ, ಅದನ್ನು ನೋಡಿ ವರದಿ ಬರೆಯುವುದು ಡಾಕ್ಟರ ಕೆಲಸ. ಡಾಕ್ಟರು ಮೈಸೂರಿನವರು, ನಾನು ಧಾರವಾಡದವಳು. ಕ್ಲಿನಿಕ್ಕಿನಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ.

ಆ ವಸಂತದಲ್ಲಿ ಒಂದು ಬೇಸ್‌ಬಾಲ್ ತಂಡ ನಮ್ಮಲ್ಲಿಗೆ ಹುಡುಗರನ್ನು ಕಳಿಸತೊಡಗಿತು. ಒಳನಾಡಿನ ಊರೊಂದರ ಚಿಕ್ಕ ತಂಡ ಅದು, ಈಗ ಇಲ್ಲ. ಅದರ ಜನ ಕೆರಿಬಿಯನ್ ದ್ವೀಪಗಳಿಗೆ ಹೋಗಿ, ಬಯಲಿನಲ್ಲಿ ಆಡುವ ಬಡ ಹುಡುಗರ ಪೈಕಿ ಜೋರಾಗಿ ಚೆಂಡು ಎಸೆಯುವವರನ್ನು ಆರಿಸಿ, ತಾಯಿ-ತಂದೆಯ ಸಹಿ ಹಾಕಿಸಿಕೊಂಡು ವಿಮಾನ ಹತ್ತಿಸುತ್ತಿದ್ದರು. ಹದಿನೇಳು ತುಂಬದವರನ್ನು ಸೇರಿಸಿಕೊಳ್ಳುವಂತಿಲ್ಲ ಎಂಬ ನಿಯಮ ಆಗಷ್ಟೇ ಬಂದಿತ್ತು. ಇಲ್ಲಿ ಇಳಿದ ಹುಡುಗರು ತಂಡದ ಪಂದ್ಯಗಳು ಶುರುವಾಗುವ ಮೊದಲು ನಮ್ಮ ಕ್ಲಿನಿಕ್ಕಿಗೆ ಬಂದು ಎದೆಯ ಚಿತ್ರ, ಎಸೆಯುವ ಕೈಯ ಚಿತ್ರ ತೆಗೆಸಿಕೊಳ್ಳಬೇಕಿತ್ತು. ಅವರನ್ನು ಕರೆತರುತ್ತಿದ್ದವನು ವಿದೇಶಿ ಆಟಗಾರರ ಉಸ್ತುವಾರಿಯ ಅಧಿಕಾರಿ. ಸಜ್ಜನನ ಹಾಗೆ ಮಾತಾಡುತ್ತಿದ್ದ. ನನಗೆ ಬಾಗಿಲು ಹಿಡಿದು ನಿಲ್ಲುತ್ತಿದ್ದ.

ಯಾವ ಚಿತ್ರ ಬೇಕೆಂದು ತಂಡದವರು ಬರೆದು ಕೊಡುವ ಆರ್ಡರಿನಲ್ಲಿ, ಹೆಸರಿಗೆ ಏಳದ ಈ ಹುಡುಗನಿಗೆ ಬರೆದಿದ್ದದ್ದು ಬಲ ಮೊಣಕೈ. ದ್ವೀಪದಲ್ಲಿ ಅವನನ್ನು ಆರಿಸಿದಾಗ ಚೆನ್ನಾಗಿಯೇ ಇತ್ತಂತೆ. ಇಲ್ಲಿ ಬಂದು ಎರಡನೆಯ ದಿನದ ಅಭ್ಯಾಸದಲ್ಲಿ ಚೆಂಡು ಹೋಗಬೇಕಾದ ಕಡೆ ಹೋಗಲಿಲ್ಲ. ನನಗೆ ಬರುತ್ತಿದ್ದದ್ದು ಮೂವತ್ತು-ನಲವತ್ತು ಸ್ಪ್ಯಾನಿಷ್ ಪದಗಳು. ಉಸಿರು ಹಿಡಿ, ಅಲುಗಾಡಬೇಡ, ಇಲ್ಲಿ ನೋವೇ, ಇಂಥವು. ಮೇಜಿನ ಪಕ್ಕ ಕೂರಿಸಿ ಕೈ ಚಾಚು ಎಂದೆ. ಪೂರ್ತಿ ಚಾಚಲಾಗಲಿಲ್ಲ. ನೋವೇ ಎಂದರೆ ಇಲ್ಲ ಎಂದ. ಹಣೆಯಲ್ಲಿ ಬೆವರು ಮೂಡಿತ್ತು, ಬಾಯಿ ಮಾತ್ರ ನಗುತ್ತಲೇ ಇತ್ತು. ನೋವು ಎಂದರೆ ಊರಿಗೆ ಕಳಿಸುತ್ತಾರೆಂದು ಯಾರೋ ಅವನಿಗೆ ಹೇಳಿಕೊಟ್ಟಿದ್ದರು. ಎಷ್ಟು ವಯಸ್ಸು ಎಂದು ಕೇಳಿದೆ. ಹದಿನೇಳು ಎಂಬುದನ್ನು ಶಾಲೆಯಲ್ಲಿ ಪಾಠ ಒಪ್ಪಿಸುವ ಧ್ವನಿಯಲ್ಲಿ ಹೇಳಿದ.

ಎರಡು ಕೋನಗಳಲ್ಲಿ ಚಿತ್ರ ತೆಗೆದು ಡಾರ್ಕ್‌ರೂಮಿಗೆ ಹೋದೆ. ಯಂತ್ರದಿಂದ ಫಿಲ್ಮು ಹೊರಬಂದ ಕೂಡಲೇ ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದೆ. ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಮೆತ್ತನೆಯ ಒಂದು ಪದರ ಇರುತ್ತದೆ. ಎಕ್ಸ್‌ರೇಯಲ್ಲಿ ಅದು ಕಪ್ಪು ಗೆರೆಯಾಗಿ ಕಾಣುತ್ತದೆ. ಬೆಳವಣಿಗೆ ನಿಂತಾಗ ಗೆರೆ ಮುಚ್ಚಿಹೋಗುತ್ತದೆ. ಈ ಹುಡುಗನ ಮೊಣಕೈಯ ಒಳಬದಿಯಲ್ಲಿ ಗೆರೆ ಮುಚ್ಚಿರಲಿಲ್ಲ, ಅಷ್ಟೇ ಅಲ್ಲ, ಅಗಲವಾಗಿ ಬಾಯಿ ಬಿಟ್ಟಿತ್ತು. ಎಸೆದೂ ಎಸೆದೂ ಮೂಳೆಯ ಆ ಚೂರು ತನ್ನ ಜಾಗ ಬಿಟ್ಟು ಎದ್ದು ಬರುತ್ತಿತ್ತು.

ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು. ಹುಡುಗನಿಗೆ ಹೋಗು ಎನ್ನಬೇಕಿತ್ತು, ಫಿಲ್ಮನ್ನು ಡಾಕ್ಟರ ಮೇಜಿಗೆ ಇಡಬೇಕಿತ್ತು. ಆದರೆ ನನಗೆ ಅವನ ವಯಸ್ಸು ಗೊತ್ತಾಗಿತ್ತು, ಗೊತ್ತಾದದ್ದನ್ನು ಸಾಬೀತು ಮಾಡಬೇಕು ಅನ್ನಿಸಿತ್ತು. ಮೂಳೆಯಿಂದ ವಯಸ್ಸು ಅಳೆಯಲು ಎಡಗೈಯ ಚಿತ್ರ ಬೇಕು. ಅಂಗೈ ಕೆಳಗೆ, ಬೆರಳುಗಳು ಬಿಡಿಬಿಡಿ, ಹೆಬ್ಬೆರಳು ಸ್ವಲ್ಪ ಓರೆ, ಮಣಿಕಟ್ಟು ನಡುವೆ ಬರಬೇಕು. ವಾಪಸು ಹೋಗಿ ಹುಡುಗನ ಎಡಗೈ ಹಿಡಿದು, ಫಿಲ್ಮು ತುಂಬಿದ ಚಪ್ಪಟೆ ಪೆಟ್ಟಿಗೆಯ, ಅಂದರೆ ಕ್ಯಾಸೆಟ್ಟಿನ ಮೇಲೆ ಇಟ್ಟೆ. ನೋವಿಲ್ಲದ ಕೈ ಯಾಕೆಂದು ಅವನು ಕೇಳಲಿಲ್ಲ. ನಾನು ಹೇಳಿದ ಹಾಗೆ ಉಸಿರು ಕೂಡ ಬಿಗಿಹಿಡಿದ. ಕೈಯ ಚಿತ್ರಕ್ಕೆ ಉಸಿರು ಹಿಡಿಯುವ ಅಗತ್ಯವೇ ಇಲ್ಲ. ಚಿತ್ರ ಬಹಳ ಚೆನ್ನಾಗಿ ಬಂತು.

ಡಾಕ್ಟರು ಅದನ್ನು ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಏನಮ್ಮ ಇದು? ಆರ್ಡರಲ್ಲಿ ಮೊಣಕೈ ಮಾತ್ರ ಇತ್ತಲ್ಲ. ಎಡಗೈ ತೆಗೀರಿ ಅಂತ ಯಾರು ಹೇಳಿದ್ರು ನಿಮಗೆ?"

"ಯಾರೂ ಹೇಳಿಲ್ರೀ ಸರ್. ನಾನಾಗೇ ತಗದೇನ್ರಿ. ಹದಿನೇಳು ಅಂತ ಬರದಾರ್ರಿ, ಅಂವ ಹದಿನೇಳಲ್ರಿ."

ಅವರು ಕಪಾಟಿನಿಂದ ದಪ್ಪ ಪುಸ್ತಕ ತೆಗೆದರು. ಬೇರೆ ಬೇರೆ ವಯಸ್ಸಿನ ಹುಡುಗರ ಕೈಮೂಳೆಯ ಚಿತ್ರಗಳಿದ್ದ ಪುಸ್ತಕ ಅದು. ಒಂದೊಂದೇ ಪುಟ ತಿರುವಿ ಫಿಲ್ಮಿನ ಪಕ್ಕ ಹಿಡಿದು ನೋಡಿದರು. "ಹದಿನಾಲ್ಕು. ಆರು ತಿಂಗಳು, ಒಂದು ವರ್ಷ ಆಕಡೆ ಈಕಡೆ ಇರಬಹುದು. ಹದಿನೇಳಂತೂ ಅಲ್ಲವೇ ಅಲ್ಲ." ಪುಸ್ತಕ ಮುಚ್ಚಿಟ್ಟು, "ಈ ಫಿಲ್ಮು ಸರಿ ಬಂದಿಲ್ಲ ಅಂತ ಬಿಸಾಕಿಬಿಡಿ. ಮೊಣಕೈಗೆ ಪೆಟ್ಟಾಗಿದೆ, ಆಪರೇಷನ್ ಬೇಕು ಅಂತ ಬರೀತೀನಿ. ಅವರ ಆಟಗಾರ, ಅವರೇ ಮಾಡಿಸ್ತಾರೆ. ವಯಸ್ಸಿನ ಸುದ್ದಿ ನಮಗ್ಯಾಕೆ?" ಎಂದರು.

ಒಪ್ಪಬೇಕಿತ್ತು. ನಾನು ಒಪ್ಪಲಿಲ್ಲ. "ಸಣ್ಣ ಹುಡುಗ ಅಂತ ಬರದ್ರ ಚೆಂಡು ಒಗಿಯೋದು ಬಿಡಸ್ತಾರ್ರಿ ಸರ್. ಬರೀಲಿಲ್ಲಂದ್ರ ಆಪರೇಷನ್ ಮಾಡಿಸಿ ಮತ್ತ ಒಗಿಸ್ತಾರ್ರಿ. ಕೈ ಹೋಗ್ತದ್ರಿ ಅವಂದು," ಎಂದೆ. ಅದು ನಿಜವಾದ ಕಾರಣವೇ. ಇನ್ನೊಂದು ಕಾರಣವೂ ಇತ್ತು. ಅಷ್ಟು ಒಳ್ಳೆಯ ಫಿಲ್ಮನ್ನು ಸರಿ ಬಂದಿಲ್ಲವೆಂದು ಕಸದ ಬುಟ್ಟಿಗೆ ಹಾಕಲು ನನಗೆ ಮನಸ್ಸಿರಲಿಲ್ಲ. ಅದರ ಮೂಲೆಯಲ್ಲಿ, ಚಿತ್ರ ತೆಗೆದವರ ಗುರುತಾಗಿ, ನನ್ನ ಹೆಸರಿನ ಮೊದಲಕ್ಷರಗಳಿದ್ದವು.

"ಫಿಲ್ಮು ಲಕೋಟೆಯಲ್ಲಿ ಇದ್ದಮೇಲೆ ನಾನು ನೋಡಿಲ್ಲ ಅನ್ನೋಕಾಗಲ್ಲಮ್ಮ. ಒಂದ್ಸಲ ಬರೆದ್ರೆ ವಾಪಸ್ ತಗೊಳ್ಳೋಕೂ ಆಗಲ್ಲ. ಯೋಚನೆ ಮಾಡಿದೀರಾ?"

"ಮಾಡೇನ್ರಿ," ಎಂದೆ.

ವರದಿ ಹೋಯಿತು. ಮೂರನೆಯ ದಿನ ಅಧಿಕಾರಿ ಬಂದ. ಸಿಟ್ಟಾಗಿರುತ್ತಾನೆ ಎಂದುಕೊಂಡಿದ್ದೆ. ಅವನು ಕೈಯಲ್ಲಿ ಡೋನಟ್ಟಿನ ಡಬ್ಬಿ ಹಿಡಿದುಕೊಂಡು ಬಂದಿದ್ದ.

"ನೀವು ನಮಗೆ ದೊಡ್ಡ ಉಪಕಾರ ಮಾಡಿದಿರಿ," ಎಂದ. ಹುಡುಗ ತನ್ನ ಅಣ್ಣನ ಜನನಪತ್ರ ತಂದಿದ್ದನಂತೆ. ವಯಸ್ಸು ತುಂಬದವನ ಜೊತೆ ಮಾಡಿಕೊಂಡ ಕರಾರು ಕರಾರೇ ಅಲ್ಲ. ಕರಾರು ಇಲ್ಲವೆಂದಮೇಲೆ ಅವನು ತಂಡದ ಆಟಗಾರನಲ್ಲ. ಆಟಗಾರನೇ ಅಲ್ಲದವನ ಮೊಣಕೈಗೆ ತಂಡ ಹೊಣೆಯಲ್ಲ. ಇದನ್ನೆಲ್ಲ ಅವನು ಬೆರಳು ಮಡಚುತ್ತ ಒಂದೊಂದಾಗಿ ಬಿಡಿಸಿ ಹೇಳಿದ.

"ಮತ್ತೆ ಆಪರೇಷನ್?" ಎಂದೆ.

"ಅವನ ಮನೆಯವರು ಅಲ್ಲಿ ಮಾಡಿಸಿಕೊಳ್ಳಲಿ. ನಿನ್ನೆ ಬೆಳಿಗ್ಗೆ ವಿಮಾನ ಹತ್ತಿಸಿದೆವು."

"ಕೈಗೆ ಪಟ್ಟಿಯನ್ನಾದರೂ ಕಟ್ಟಿ ಕಳಿಸಿದಿರಾ?"

ಅವನು ನನ್ನ ಮುಖವನ್ನೇ ನೋಡಿದ. ಕೋಪವಾಗಲೀ ನಾಚಿಕೆಯಾಗಲೀ ಅವನ ಮುಖದಲ್ಲಿ ಇರಲಿಲ್ಲ. "ಜಾಕೆಟ್ಟನ್ನು ಮಾತ್ರ ವಾಪಸು ತೆಗೆದುಕೊಂಡೆವು. ಅದು ತಂಡದ್ದು," ಎಂದ.

ಡಾಕ್ಟರು ಆ ದಿನ ಫಿಲ್ಮುಗಳನ್ನು ಟೈಪಿಸ್ಟ್ ಕೈಯಲ್ಲಿ ತರಿಸಿಕೊಂಡರು. ಬೈದಿದ್ದರೆ ಸರಿಹೋಗುತ್ತಿತ್ತು. ಸಂಜೆ ಮೌಂಟನ್ ವ್ಯೂನಲ್ಲಿದ್ದ ಮನೆಗೆ ಹೋಗುವ ರೈಲಿನಲ್ಲಿ ಕೂತು ಲೆಕ್ಕ ಹಾಕಿದೆ. ನಾನು ಏನೂ ಮಾಡದೆ ಇದ್ದಿದ್ದರೆ ಆ ಹುಡುಗ ಈಗ ಆಸ್ಪತ್ರೆಯ ಹಾಸಿಗೆಯಲ್ಲಿ ಇರುತ್ತಿದ್ದ.

ಮುಂದಿನ ವಾರಗಳಲ್ಲಿ ತಂಡದಿಂದ ಮತ್ತೆ ಹುಡುಗರು ಬಂದರು. ಈಗ ಕೆಲವರ ಆರ್ಡರಿನಲ್ಲಿ ಎಡಗೈಯೂ ಸೇರಿರುತ್ತಿತ್ತು, ಕೆಲವರದರಲ್ಲಿ ಇರುತ್ತಿರಲಿಲ್ಲ. ಅದರ ಹಿಂದಿನ ಲೆಕ್ಕ ನನಗೆ ಹೊಳೆಯಲು ಮೂರನೆಯ ಹುಡುಗನವರೆಗೆ ಕಾಯಬೇಕಾಯಿತು. ಕೈನೋವಿದ್ದವರಿಗೆ, ಚೆಂಡಿನ ವೇಗ ಇಳಿದವರಿಗೆ ಮಾತ್ರ ಎಡಗೈ. ಚೆನ್ನಾಗಿ ಎಸೆಯುತ್ತಿದ್ದವರಿಗೆ ಎದೆ ಮತ್ತು ಎಸೆಯುವ ಕೈಯ ಚಿತ್ರವಷ್ಟೇ. ಎಡಗೈ ಬರೆಸಿಕೊಂಡು ಬಂದವರು ಇಬ್ಬರು. ಒಬ್ಬನದು ಹದಿನೈದು ಎಂದು ಬಂತು, ಅವನು ಹೋದ. ಇನ್ನೊಬ್ಬನ ಗೆರೆಗಳು ಮುಚ್ಚಿದ್ದವು, ಉಳಿದ. ಎರಡೂ ಚಿತ್ರ ತೆಗೆದವಳು ನಾನೇ. ಆರ್ಡರು ಇದ್ದಮೇಲೆ ತೆಗೆಯಲೇಬೇಕು.

ಮೇ ತಿಂಗಳಲ್ಲಿ ಎತ್ತರದ ಹುಡುಗ ಬಂದ. ಮೊದಲ ದಿನ ಸ್ನೇಹಿತನ ಪಕ್ಕೆಗೆ ತಿವಿದಿದ್ದನಲ್ಲ, ಅವನು. ಇಷ್ಟರಲ್ಲಿ ಅವನ ಹೆಸರು ಪತ್ರಿಕೆಯಲ್ಲಿ ಬರುತ್ತಿತ್ತು. ಅವನ ಎಸೆತಕ್ಕೆ ಬ್ಯಾಟು ತಾಗಿಸುವವರೇ ಇಲ್ಲವೆಂದು ಅಧಿಕಾರಿ ಹೇಳುತ್ತಿದ್ದ. ಆರ್ಡರಿನಲ್ಲಿ ಎದೆ ಮತ್ತು ಬಲಭುಜ ಎಂದಿತ್ತು.

"ಇವನಿಗೆ ಎಡಗೈ ಬೇಡವೇ?" ಎಂದು ಅಧಿಕಾರಿಯನ್ನು ಕೇಳಿದೆ.

"ಇವನಿಗೆ ಬೇಡ."

"ಯಾಕೆ?"

"ಏನು ಬರುತ್ತದೆಂದು ನನಗೆ ಗೊತ್ತು," ಎಂದು ಅವನು ನಕ್ಕು, ಹೊರಗೆ ಹೋಗಿ ಪತ್ರಿಕೆ ಬಿಡಿಸಿಕೊಂಡು ಕೂತ.

ಭುಜದ ಚಿತ್ರ ತೆಗೆಯುವಷ್ಟರಲ್ಲಿ ನಾನು ತೀರ್ಮಾನಿಸಿದ್ದೆ. ಈ ಹುಡುಗನ ಕೈ ಇಂದಲ್ಲ ನಾಳೆ ಕೆಡುತ್ತದೆ. ಅಂದು ಎಡಗೈ ತೆಗೆಸಿ, ವಯಸ್ಸು ಗೊತ್ತಿರಲಿಲ್ಲ, ಮೋಸ ಹೋದೆವು ಎಂದು ಹೇಳಿ ವಿಮಾನ ಹತ್ತಿಸುತ್ತಾರೆ. ಕೈ ಸರಿಯಿರುವಾಗಲೇ ವಯಸ್ಸು ಬರೆದು ತಿಳಿಸಿಬಿಟ್ಟರೆ ಆಮೇಲೆ ಗೊತ್ತಿರಲಿಲ್ಲ ಎನ್ನಲಾಗದು. ಹೊಸ ಕ್ಯಾಸೆಟ್ಟು ತಂದು ಮೇಜಿನ ಮೇಲಿಟ್ಟು, ಅವನ ಎಡಗೈಗೆ ಕೈ ಚಾಚಿದೆ.

ಅವನು ಕೈ ಹಿಂದೆಳೆದುಕೊಂಡ. ಸ್ನೇಹಿತನನ್ನು ಊರಿಗೆ ಕಳಿಸಿದ್ದು ಯಾವ ಚಿತ್ರ ಎಂಬುದು ತಂಡದ ಹುಡುಗರಿಗೆಲ್ಲ ಗೊತ್ತಾಗಿತ್ತು. ಎಡಗೈಯನ್ನು ಬಲ ಕಂಕುಳಲ್ಲಿ ಬಚ್ಚಿಟ್ಟುಕೊಂಡು ಬೇಡ ಅಮ್ಮಾ, ಬೇಡ ಎಂದು ತನ್ನ ಭಾಷೆಯಲ್ಲಿ ಹೇಳತೊಡಗಿದ. ಆರಡಿ ಎತ್ತರದ ಹುಡುಗ ಸ್ಟೂಲಿನ ಮೇಲೆ ಮುದುಡಿ ಕೂತುಬಿಟ್ಟ. ನಿನ್ನ ಒಳ್ಳೆಯದಕ್ಕೇ ಎಂದು ಹೇಳಬೇಕಿತ್ತು. ನನ್ನ ಮೂವತ್ತು-ನಲವತ್ತು ಪದಗಳಲ್ಲಿ ಅದು ಇರಲಿಲ್ಲ. ಅಲುಗಾಡಬೇಡ ಎಂಬುದು ಇತ್ತು. ಅದನ್ನೇ ಹೇಳಿದೆ. ಅವನು ಅಳತೊಡಗಿದಾಗ ಅದನ್ನೇ ಇನ್ನೂ ಗಟ್ಟಿಯಾಗಿ ಹೇಳಿದೆ. ಕಂಕುಳಿನಿಂದ ಕೈ ಎಳೆದು, ಮುಷ್ಟಿ ಬಿಡಿಸಿ, ಬೆರಳುಗಳನ್ನು ಒಂದೊಂದಾಗಿ ಕ್ಯಾಸೆಟ್ಟಿನ ಮೇಲೆ ಒತ್ತಿ, ಕೈ ಅಲುಗದಂತೆ ಮರಳಿನ ಚೀಲ ಹೇರಿದೆ. ಅವನು ನನಗಿಂತ ಎರಡು ಪಟ್ಟು ಬಲಶಾಲಿ. ತಳ್ಳಿಬಿಡಬಹುದಿತ್ತು. ಆಸ್ಪತ್ರೆಯ ಕೋಟು ಹಾಕಿಕೊಂಡವರನ್ನು ತಳ್ಳಬಾರದೆಂದು ಅವನ ತಾಯಿ ಕಲಿಸಿದ್ದಿರಬೇಕು.

ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಫಿಲ್ಮನ್ನೇ ಬಹಳ ಹೊತ್ತು ನೋಡಿದರು.

"ಇವನೂ ಹದಿನೈದು ದಾಟಿಲ್ಲ. ಈ ಸಲ ನಾನು ಬೇಡ ಅನ್ನಲ್ಲಮ್ಮ. ಅವತ್ತು ಬರೆದು ಇವತ್ತು ಬಿಟ್ರೆ ಅವರಿಗೂ ನಮಗೂ ಏನು ವ್ಯತ್ಯಾಸ?"

ವರದಿ ಟೈಪಾಯಿತು, ತಾರೀಖಿನ ಮುದ್ರೆ ಬಿತ್ತು, ಕಾರ್ಬನ್ ಪ್ರತಿ ನಮ್ಮ ಕಡತಕ್ಕೆ ಹೋಯಿತು. ಮೂಲವನ್ನು ತಂಡಕ್ಕೆ ತಲುಪಿದ್ದಕ್ಕೆ ಸಹಿ ಬೀಳುವ ಅಂಚೆಯಲ್ಲಿ ಕಳಿಸಿದೆವು. ನಾಲ್ಕು ದಿನ ಬಿಟ್ಟು ಅಧಿಕಾರಿಯ ಫೋನು ಬಂತು. ತಾವು ಬೇಕೆಂದು ಕೇಳಿಲ್ಲದ ವರದಿಯನ್ನು ಓದುವುದಿಲ್ಲವೆಂದ. ಹುಡುಗ ಆಡುತ್ತಲೇ ಇದ್ದ. ಬೇಸಿಗೆಯುದ್ದಕ್ಕೂ ಅವನಿಂದ ಚೆಂಡು ಎಸೆಸಿದರು. ವಯಸ್ಸಿನ ನಿಯಮ ಜಾರಿ ಮಾಡುವವರಿಗೆ ನಾವೇ ಬರೆದು ತಿಳಿಸಬಹುದಿತ್ತು. ಹಾಗೆ ಮಾಡಿದರೆ ಹುಡುಗ ಊರಿಗೆ ಹೋಗುತ್ತಾನೆ, ಮಾಡದಿದ್ದರೆ ಹುಡುಗನ ಕೈ ಹೋಗುತ್ತದೆ. ನಾವಿಬ್ಬರೂ ಈ ಮಾತನ್ನು ಎರಡು ಸಲ ಎತ್ತಿ ಎರಡು ಸಲವೂ ಅರ್ಧಕ್ಕೆ ಬಿಟ್ಟೆವು.

ಆಗಸ್ಟಿನಲ್ಲಿ ಕೈ ಹೋಯಿತು. ಎಸೆತದ ನಡುವೆಯೇ ಮೊಣಕೈಯಲ್ಲಿ ಚಟ್ ಎಂದಿತಂತೆ, ಮೈದಾನದ ಆಚೆ ಕೂತವರಿಗೂ ಕೇಳಿಸಿತಂತೆ. ಮಾರನೆಯ ಬೆಳಿಗ್ಗೆ ಅಧಿಕಾರಿಯೇ ಅವನನ್ನು ಕರೆತಂದ. ಆರ್ಡರಿನಲ್ಲಿ ಬಲ ಮೊಣಕೈ, ಅದರ ಕೆಳಗೆ ಎಡಗೈ ಮತ್ತು ಮಣಿಕಟ್ಟು ಎಂದು ಬರೆದಿತ್ತು.

ಮೊಣಕೈಯ ಚಿತ್ರ ತೆಗೆದೆ. ಒಳಬದಿಯ ಮೂಳೆಯ ಚೂರು ಪೂರಾ ಕಿತ್ತು ಬಂದು ಕೀಲಿನ ಸಂದಿಗೆ ಜಾರಿತ್ತು. ಎಡಗೈಯ ಚಿತ್ರ ತೆಗೆಯದೆ ಡಾಕ್ಟರ ಕೋಣೆಗೆ ಹೋದೆ. ಅವರು ಕಡತದಿಂದ ಮೇ ತಿಂಗಳ ಕಾರ್ಬನ್ ಪ್ರತಿ ಮತ್ತು ಅಂಚೆಯ ಸಹಿ ಚೀಟಿ ತೆಗೆದುಕೊಂಡು ಅಧಿಕಾರಿಯನ್ನು ಒಳಗೆ ಕರೆದರು. ಬಾಗಿಲು ತೆರೆದೇ ಇತ್ತು.

"ಎಡಗೈ ಮತ್ತೆ ತೆಗೆಯುವ ಅಗತ್ಯವಿಲ್ಲ. ವಯಸ್ಸು ಮೇ ತಿಂಗಳಲ್ಲೇ ನಿಮಗೆ ಬರೆದು ತಿಳಿಸಿದ್ದೇವೆ. ತಲುಪಿದ್ದಕ್ಕೆ ನಿಮ್ಮ ಆಫೀಸಿನ ಸಹಿ ಇದೆ."

ಅಧಿಕಾರಿ ಹಾಳೆಯನ್ನು ಎರಡು ಸಲ ಓದಿದ. "ಇದನ್ನು ಯಾರಿಗೆ ತೋರಿಸುತ್ತೀರಿ?"

"ನೀವು ಈ ಹುಡುಗನಿಗೆ ಆಪರೇಷನ್ ಮಾಡಿಸಿದರೆ ಯಾರಿಗೂ ಇಲ್ಲ. ಗೊತ್ತಿದ್ದೂ ಮೂರು ತಿಂಗಳು ಆಡಿಸಿದ್ದೀರಿ. ನಾಳೆಯೊಳಗೆ ಆಸ್ಪತ್ರೆಗೆ ಸೇರಿಸಿ."

"ನಮ್ಮ ಹುಡುಗರು ಇನ್ನು ಇಲ್ಲಿಗೆ ಬರುವುದಿಲ್ಲ, ಡಾಕ್ಟರ್."

"ಬರದೇ ಇದ್ದರೆ ಒಳ್ಳೆಯದು."

ಆಪರೇಷನ್ ಆಯಿತು. ಮೂಳೆಯ ಚೂರನ್ನು ಜಾಗಕ್ಕೆ ಕೂರಿಸಿ ಸ್ಕ್ರೂ ಹಾಕಿದರು. ಕ್ಲಿನಿಕ್ಕಿನ ಪಾಲುದಾರರು ಡಾಕ್ಟರನ್ನು ಕೂರಿಸಿಕೊಂಡು ಒಂದು ಗಂಟೆ ಪ್ರಶ್ನೆ ಕೇಳಿದರು. ಆರ್ಡರಿಲ್ಲದೆ ಚಿತ್ರ ತೆಗೆದವರು ಯಾರು ಎಂಬುದಕ್ಕೆ ಡಾಕ್ಟರು, ತಾವೇ ತೆಗೆಸಿದ್ದು ಎಂದು ಹೇಳಿದರಂತೆ. ನನಗೆ ಈ ಸುದ್ದಿ ಕೊಟ್ಟದ್ದು ಟೈಪಿಸ್ಟ್, ಡಾಕ್ಟರಲ್ಲ.

ಅಕ್ಟೋಬರಿನಲ್ಲಿ ಹುಡುಗ ಕೊನೆಯ ಸಲ ಬಂದ. ಪ್ಲಾಸ್ಟರು ಬಿಚ್ಚಿದಮೇಲಿನ ಚಿತ್ರಕ್ಕೆ ಆಸ್ಪತ್ರೆಯವರೇ ಕಳಿಸಿದ್ದರು. ಜೊತೆಯಲ್ಲಿ ಯಾರೂ ಇರಲಿಲ್ಲ, ಬಸ್ಸು ಹಿಡಿದು ಬಂದಿದ್ದ. ಮೂಳೆ ಕೂಡಿಕೊಂಡಿತ್ತು. ಕೈ ಪೂರ್ತಿ ಅಲ್ಲದಿದ್ದರೂ ಬಹುಪಾಲು ನೆಟ್ಟಗಾಗುತ್ತಿತ್ತು. ಆದರೆ ತಂಡ ಅವನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿತ್ತು. ಆ ವಾರದ ಕೊನೆಗೆ ವಿಮಾನ. ಬೇಸಿಗೆಯಲ್ಲಿ ಇಂಗ್ಲಿಷು ಕಲಿತಿದ್ದ. ಮೊದಲ ಬಾರಿಗೆ ನಾವಿಬ್ಬರೂ ಮಾತಾಡುವ ಹಾಗಾಗಿತ್ತು.

"ಇನ್ನು ಎಸೆಯಬಹುದಾ?" ಎಂದ.

"ಡಾಕ್ಟರನ್ನು ಕೇಳಬೇಕು," ಎಂದೆ. ಎಸೆಯಲಾಗುವುದಿಲ್ಲವೆಂದು ನನಗೆ ಗೊತ್ತಿತ್ತು.

ಸ್ನೇಹಿತನ ಸುದ್ದಿ ಅವನಾಗಿಯೇ ಹೇಳಿದ. ಒಂದೇ ಊರಿನವರಂತೆ. ಅಲ್ಲಿ ಆಪರೇಷನ್ ಮಾಡುವವರು ಇರಲಿಲ್ಲ. ಕೈ ಬಾಗಿದ ಹಾಗೆಯೇ ಗಟ್ಟಿಯಾಯಿತು. ಕಬ್ಬು ಕಡಿಯುವ ಕೆಲಸಕ್ಕೆ ಹೋದ, ಕತ್ತಿ ಹಿಡಿದರೆ ಕಿರುಬೆರಳು ಮರಗಟ್ಟುತ್ತದೆ, ಎರಡನೆಯ ದಿನವೇ ಕಳಿಸಿಬಿಟ್ಟರು. ಅಣ್ಣನ ಕಾಗದಪತ್ರ ತಂಡದವರ ಬಳಿಯೇ ಉಳಿದುಹೋಗಿದ್ದರಿಂದ ಅಣ್ಣನಿಗೂ ಕೆಲಸ ಸಿಗುವುದು ಕಷ್ಟವಾಗಿದೆ. ಇದನ್ನೆಲ್ಲ ಅವನು ದೂರುವ ಧ್ವನಿಯಲ್ಲಿ ಹೇಳಲಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೇಳಿದ. ಆಮೇಲೆ ತಲೆಯೆತ್ತಿ ಕೇಳಿದ.

"ಅವತ್ತು ಅವನ ಎಡಗೈ ಫೋಟೋ ತೆಗೆದರಲ್ಲ. ಹಾಗೆ ತೆಗೆಯಲು ಯಾರು ಹೇಳಿದ್ದು?"

ನಾನು ಅವನ ಹೊಸ ಫಿಲ್ಮನ್ನು ಲಕೋಟೆಗೆ ತೂರಿಸುತ್ತಿದ್ದೆ. ಅದು ಒಳಗೆ ಸರಿಯಾಗಿ ಹೋಗುತ್ತಿರಲಿಲ್ಲ.

"ಡಾಕ್ಟರ್," ಎಂದೆ.

ಆ ಪದ ಅವನ ಭಾಷೆಯಲ್ಲೂ ನನ್ನ ಭಾಷೆಯಲ್ಲೂ ಒಂದೇ. ಅವನು ತಲೆಯಾಡಿಸಿದ. ಇಷ್ಟು ದಿನ ಅವನು ನನ್ನ ಮೇಲೆ ಇಟ್ಟುಕೊಂಡಿದ್ದ ಏನೋ ಒಂದು ಅವನ ಮುಖದಿಂದ ಇಳಿದದ್ದು ಕಾಣಿಸಿತು. ಹೋಗುವಾಗ ನನ್ನ ಕೈ ಕುಲುಕಿ, ಥ್ಯಾಂಕ್ಯೂ ಮೇಡಂ ಎಂದ.

ಕಾರಿಡಾರಿನಲ್ಲಿ ಡಾಕ್ಟರು ಎದುರಾದರು. ಅವನು ನಡೆದು ಬರುವುದನ್ನು ಕಂಡು ಅವರ ಮುಖ ಅರಳಿತು. ಕೈ ಮುಂದೆ ಚಾಚಿ, ಚೆನ್ನಾಗಿದ್ದೀಯಾ ಎಂದರು. ಹುಡುಗ ಆ ಕೈಯನ್ನು ನೋಡಿದ, ಅವರ ಮುಖವನ್ನು ನೋಡಿದ. ಪಕ್ಕಕ್ಕೆ ಸರಿದು, ಗೋಡೆಗೆ ಆತುಕೊಂಡು ದಾಟಿ, ಹೊರಬಾಗಿಲು ತೆರೆದುಕೊಂಡು ಹೋದ.

"ಏನಾಯ್ತಮ್ಮ ಅವನಿಗೆ?" ಎಂದು ಡಾಕ್ಟರು ನನ್ನನ್ನು ಕೇಳಿದರು.

"ಗೊತ್ತಿಲ್ರೀ ಸರ್," ಎಂದೆ.

ಅವರು ಚಾಚಿದ್ದ ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡು, ಮುಂದಿನ ಫಿಲ್ಮು ನೋಡಲು ತಮ್ಮ ಕೋಣೆಗೆ ಹೋದರು.